ಸಮವೆಂದರೆ ಯಾವುದರಲ್ಲಿ ಸಮ?

ಎರಡು ವಸ್ತುಗಳು ಒಂದಕ್ಕೊಂದು ಸಮವೇ ಅಲ್ಲವೇ ಎಂಬ ಪ್ರಶ್ನೆಗಿಂತ ಸುಲಭವಾದ ಪ್ರಶ್ನೆ ಬೇರೊಂದಿಲ್ಲವೆಂದು ಮೊದಲ ನೋಟಕ್ಕೆ ತೋರೀತು. ಸಮಚಿಹ್ನೆಯನ್ನು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತ ನಾವು ಅದರ ಅರ್ಥವನ್ನು ಕುರಿತು ಮತ್ತೆ ಯೋಚಿಸುವುದೇ ಇಲ್ಲ. ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ಗಣಿತಜ್ಞನು 1557ರಲ್ಲಿ ಆ ಚಿಹ್ನೆಯನ್ನು ಅಚ್ಚಿನಲ್ಲಿ ಬಳಕೆಗೆ ತಂದಾಗ, ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದವು ಬೇರಿಲ್ಲವೆಂಬ ಕಾರಣವನ್ನು ಕೊಟ್ಟನು. ಆದರೆ ಆ ರೇಖೆಗಳಲ್ಲಿಯೂ ಒಂದು ಮೇಲಿದೆ, ಇನ್ನೊಂದು ಕೆಳಗಿದೆ. ಉದ್ದದಲ್ಲಿ ಅವು ಸಮ, ಸ್ಥಾನದಲ್ಲಿ ಅಲ್ಲ.

ನೂರು ರೂಪಾಯಿಯ ಎರಡು ನೋಟುಗಳನ್ನು ಮೇಜಿನ ಮೇಲಿಟ್ಟು ಇವು ಸಮವೇ ಎಂದು ಕೇಳಿದರೆ ಅಂಗಡಿಯವನು ಹೌದೆನ್ನುತ್ತಾನೆ. ಕಳವಿನ ತನಿಖೆ ನಡೆಸುವ ಪೊಲೀಸ್ ಅಧಿಕಾರಿಯು ನೋಟುಗಳ ಸಂಖ್ಯೆಯನ್ನು ಓದಿ ಅಲ್ಲವೆನ್ನುತ್ತಾನೆ. ಒಂದರ ಅಂಚು ಹರಿದಿದ್ದರೆ ಬಸ್ಸಿನ ಕಂಡಕ್ಟರನ ಉತ್ತರವೇ ಬೇರೆ. ಮೂವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ಕೇಳಿದ ಪ್ರಶ್ನೆಯೇ ಅಪೂರ್ಣವಾಗಿತ್ತು.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಭಾಷೆಗಳನ್ನು ರೂಪಿಸುವವರು ಈ ಅಪೂರ್ಣ ಪ್ರಶ್ನೆಗೆ ಪೂರ್ಣ ಉತ್ತರವನ್ನು ಕೊಡಲೆತ್ನಿಸಿ ಬಹುಕಾಲದಿಂದ ತೊಳಲುತ್ತಿದ್ದಾರೆ. ಒಂದು ಪಟ್ಟಿಯಲ್ಲಿ ಬೇಕಾದ ವಸ್ತುವನ್ನು ಹುಡುಕಬೇಕು, ಎರಡು ಸಲ ಬಂದದ್ದನ್ನು ತೆಗೆದುಹಾಕಬೇಕು. ಪಟ್ಟಿಯಲ್ಲಿ ಸಂಖ್ಯೆಗಳಿರಲಿ, ಹೆಸರುಗಳಿರಲಿ, ಹುಡುಕುವ ಕ್ರಮ ಒಂದೇ. ಆದುದರಿಂದ ಯಾವ ಎರಡು ವಸ್ತುಗಳನ್ನು ಕೊಟ್ಟರೂ ಸಮವೇ ಎಂದು ಹೇಳಬಲ್ಲ ಒಂದೇ ಸಾರ್ವತ್ರಿಕ ಫಂಕ್ಷನ್ ಇದ್ದರೆ ಎಷ್ಟು ಅನುಕೂಲ! ಅನುಕೂಲವೇನೋ ನಿಜ. ಆದರೆ ಅಂಥದೊಂದನ್ನು ಭಾಷೆಯು ಕೇಳದೆಯೇ ಎಲ್ಲಕ್ಕೂ ಒದಗಿಸಿಬಿಡುವುದು ಅನರ್ಥಕ್ಕೆ ಎಡೆಗೊಡುತ್ತದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇವೆ.

ಮೊದಲು ನಮ್ಮ ಅನುಭವಕ್ಕೆ ಬಂದ ಒಂದು ಸಂಗತಿ. ನಮ್ಮ ವಿದ್ಯಾರ್ಥಿಯೊಬ್ಬನ ಹೆಸರು ‘ಕೊ’ ಎಂಬ ಅಕ್ಷರದಿಂದ ಆರಂಭವಾಗುತ್ತದೆ. ವಿದ್ಯಾರ್ಥಿವೇತನದ ಎರಡು ಪಟ್ಟಿಗಳನ್ನು ಯಂತ್ರವು ಹೋಲಿಸಿ ನೋಡಿದಾಗ ಅವನ ಹೆಸರು ಎರಡರಲ್ಲಿಯೂ ಇದ್ದರೂ ‘ಹೊಂದಿಕೆಯಾಗಲಿಲ್ಲ’ ಎಂಬ ಉತ್ತರ ಬಂದಿತು. ಕಚೇರಿಯವರು ಮುದ್ರಿತ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಹುಡುಗನಿಗೆ ಒಂದು ಅವಧಿಯ ಹಣ ತಡವಾಯಿತು. ಕಾರಣ ಇಷ್ಟೇ. ಯೂನಿಕೋಡ್ ಸಂಕೇತಪದ್ಧತಿಯಲ್ಲಿ ‘ಕೊ’ ಅಕ್ಷರವನ್ನು ಎರಡು ಬಗೆಯಾಗಿ ಬರೆಯಬಹುದು: ಕಕಾರದ ಮುಂದೆ ಒಕಾರದ ಒಂದೇ ಚಿಹ್ನೆಯನ್ನಿಟ್ಟು, ಇಲ್ಲವೆ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟು. ಮೊದಲನೆಯದರಲ್ಲಿ ಎರಡು ಸಂಕೇತಗಳಿವೆ, ಎರಡನೆಯದರಲ್ಲಿ ಮೂರು. ಕಣ್ಣಿಗೆ ಎರಡೂ ಒಂದೇ. ಇವು ತುಲ್ಯವೆಂದೂ, ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬಹುದೆಂದೂ ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಪ್ರೋಗ್ರಾಂ ಬರೆದಾತನು ಭಾಷೆಯು ಕೊಟ್ಟ ಸಿದ್ಧ ಹೋಲಿಕೆಯನ್ನೇ ನಂಬಿದನು; ಅದು ಸಂಕೇತಗಳನ್ನು ಹೋಲಿಸಿತೇ ಹೊರತು ಹೆಸರುಗಳನ್ನಲ್ಲ.

ಸಮತೆಗೆ ಮೂರು ಲಕ್ಷಣಗಳಿರಬೇಕೆಂದು ಗಣಿತಜ್ಞರು ವಿಧಿಸಿದ್ದಾರೆ. ಪ್ರತಿಯೊಂದು ವಸ್ತುವೂ ತನಗೆ ತಾನು ಸಮವಾಗಿರಬೇಕು. ಅ ಎಂಬುದು ಆ ಎಂಬುದಕ್ಕೆ ಸಮವಾದರೆ ಆ ಕೂಡ ಅಗೆ ಸಮವಾಗಬೇಕು. ಅ ಮತ್ತು ಆ ಸಮ, ಆ ಮತ್ತು ಇ ಸಮ ಎಂದಾದರೆ ಅ ಮತ್ತು ಇ ಸಮವಾಗಲೇಬೇಕು. ಮೂರನೆಯದು ಯೂಕ್ಲಿಡನಷ್ಟು ಹಳೆಯದು. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಉಷ್ಣಗತಿವಿಜ್ಞಾನದ ಶೂನ್ಯನಿಯಮವಾಗಿ ಬಲ್ಲರು: ಉಷ್ಣಮಾಪಕವು ಎರಡು ವಸ್ತುಗಳೊಡನೆ ಬೇರೆಬೇರೆಯಾಗಿ ಸಮತೋಲದಲ್ಲಿದ್ದರೆ ಆ ವಸ್ತುಗಳು ತಮ್ಮೊಳಗೂ ಸಮತೋಲದಲ್ಲಿರುತ್ತವೆ. ಈ ನಿಯಮವಿಲ್ಲದಿದ್ದರೆ ಉಷ್ಣಮಾಪಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಈಗ ಬಳಕೆಯಲ್ಲಿರುವ ಭಾಷೆಗಳು ಈ ಲಕ್ಷಣಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತವೆ? 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟಿನಲ್ಲಿ ಎರಡು ಗೆರೆಜೋಡಿಗಳ ಹೋಲಿಕೆಯಂತೆ ಸೊನ್ನೆಯು ಖಾಲಿ ಪದಕ್ಕೆ ಸಮ. ಅದೇ ಸೊನ್ನೆಯು ಉದ್ಧರಣ ಚಿಹ್ನೆಯೊಳಗಿನ ‘0’ ಎಂಬ ಪದಕ್ಕೂ ಸಮ. ಆದರೆ ಆ ಎರಡು ಪದಗಳು ಒಂದಕ್ಕೊಂದು ಸಮವಲ್ಲ. ಈ ಉಷ್ಣಮಾಪಕವನ್ನು ಯಾವ ಪ್ರಯೋಗಶಾಲೆಯೂ ಕೊಳ್ಳಲಾರದು. ಮೂರು ಗೆರೆಜೋಡಿಗಳ ಇನ್ನೊಂದು ಹೋಲಿಕೆಯನ್ನು ಆಮೇಲೆ ಸೇರಿಸಬೇಕಾಯಿತು. ಜಾವಾ ಭಾಷೆಯಲ್ಲಿ ಪೆಟ್ಟಿಗೆಯೊಳಗಿಟ್ಟ ಪೂರ್ಣಾಂಕಗಳೆರಡನ್ನು ಗೆರೆಜೋಡಿಗಳಿಂದ ಹೋಲಿಸಿದರೆ, 127 ಮತ್ತು 127 ಸಮವೆಂದೂ 128 ಮತ್ತು 128 ಸಮವಲ್ಲವೆಂದೂ ಸಾಮಾನ್ಯವಾಗಿ ಉತ್ತರ ಬರುತ್ತದೆ. ಅಲ್ಲಿ ಯಂತ್ರವು ಬೆಲೆಯನ್ನು ನೋಡುತ್ತಿಲ್ಲ, ಪೆಟ್ಟಿಗೆ ಒಂದೆಯೋ ಎರಡೋ ಎಂಬುದನ್ನು ನೋಡುತ್ತಿದೆ. ಚಿಕ್ಕ ಸಂಖ್ಯೆಗಳ ಪೆಟ್ಟಿಗೆಗಳನ್ನು ಮಾತ್ರ ಮೊದಲೇ ಮಾಡಿಟ್ಟು ಮತ್ತೆಮತ್ತೆ ಬಳಸುತ್ತದೆ. ಹೊಸದಾಗಿ ಕಲಿಯುವವನು ಚಿಕ್ಕ ಸಂಖ್ಯೆಗಳಿಂದ ಪರೀಕ್ಷಿಸಿ, ಸರಿಯಿದೆಯೆಂದು ಹಿಗ್ಗಿ, ಮುಂದೆ ಮೋಸಹೋಗುತ್ತಾನೆ.

ಬೆಲೆಯಲ್ಲಿ ಸಮ ಎಂಬುದೂ ಅಭಿನ್ನ ಎಂಬುದೂ ಬೇರೆಯೆಂದು ಲಿಸ್ಪ್ ಪಂಥದವರು ಬಹು ಹಿಂದೆಯೇ ಕಂಡುಕೊಂಡರು. ಕಾಮನ್ ಲಿಸ್ಪಿನಲ್ಲಿ ಸಾರ್ವತ್ರಿಕ ಹೋಲಿಕೆಗಳು ಒಂದಲ್ಲ, ನಾಲ್ಕು: ಈಕ್ಯೂ, ಈಕ್ಯೂಎಲ್, ಈಕ್ವಲ್, ಈಕ್ವಲ್‌ಪಿ. ಕೊನೆಯದು 3 ಮತ್ತು 3.0 ಸಮವೆನ್ನುತ್ತದೆ, ಉಳಿದವು ಒಪ್ಪುವುದಿಲ್ಲ. ನಾಲ್ಕಿರುವುದನ್ನು ಕೆಲವರು ಹಾಸ್ಯ ಮಾಡುತ್ತಾರೆ. ನಮಗಾದರೋ ಅದರಲ್ಲಿ ಪ್ರಾಮಾಣಿಕತೆಯೇ ಕಾಣುತ್ತದೆ. ಆದರೂ ನಾಲ್ಕಾದರೂ ಸಾಲವು. ನೋಟಿನ ಅಂಚು ಹರಿದಿದೆಯೇ ಎಂದು ನೋಡುವ ಐದನೆಯದು ಯಾವಾಗ ಬೇಕಾದೀತೆಂದು ಭಾಷೆಯ ಕರ್ತೃ ಹೇಗೆ ಬಲ್ಲ?

ಹೆನ್ರಿ ಬೇಕರ್ ಎಂಬಾತನು 1993ರಲ್ಲಿ ಪ್ರಕಟಿಸಿದ ಸಲಹೆಯೊಂದು ವಿಚಾರಾರ್ಹವಾಗಿದೆ. ಎಂದಿಗೂ ಬದಲಾಗದ ವಸ್ತುಗಳನ್ನು ಅವುಗಳ ಒಳಗಿನ ಅಂಶಗಳಿಂದ ಹೋಲಿಸಬೇಕು, ಬದಲಾಗಬಲ್ಲವನ್ನು ಅಭಿನ್ನತೆಯಿಂದ ಮಾತ್ರ ಹೋಲಿಸಬೇಕು ಎಂಬುದೇ ಆ ಸಲಹೆ. ಇಂದು ಒಂದೇ ಮೊತ್ತವಿರುವ ಎರಡು ಬ್ಯಾಂಕ್ ಖಾತೆಗಳು ನಾಳೆ ಹಾಗಿರಲಾರವು. ಅವನ್ನು ಸಮವೆಂದು ಒಂದನ್ನು ಅಳಿಸಿಹಾಕುವ ಪ್ರೋಗ್ರಾಮನ್ನು ಯಾರು ಒಪ್ಪಿಯಾರು? ಇದು ಉತ್ತಮ ನಿಯಮವೇ. ಆದರೆ ನಮ್ಮ ‘ಕೊ’ ಅಕ್ಷರದ ತೊಡಕನ್ನು ಇದು ಬಿಡಿಸದು.

ದಶಮಾಂಶ ಸಂಖ್ಯೆಗಳ ಪಾಡು ಇನ್ನೂ ವಿಚಿತ್ರ. 1985ರ ಐಇಇಇ 754 ಮಾನದಂಡದ ಇಮ್ಮಡಿ ನಿಖರತೆಯಲ್ಲಿ 0.1 ಮತ್ತು 0.2ನ್ನು ಕೂಡಿದರೆ 0.3ಕ್ಕೆ ಸಮವಾಗುವುದಿಲ್ಲ, ಸೊನ್ನೆಯಿಂದ ಮೊದಲುಮಾಡಿ 0.1ನ್ನು ಹತ್ತು ಸಲ ಕೂಡಿದರೆ ಒಂದಾಗುವುದಿಲ್ಲ. ಲೋಲಕದ ಚಲನೆಯನ್ನು ಗಣಿಸುವ ಪ್ರೋಗ್ರಾಂ ಬರೆದು, ಕಾಲವು 1.0ಕ್ಕೆ ಸಮವಾದಾಗ ನಿಲ್ಲು ಎಂದು ಆಜ್ಞಾಪಿಸಿದ ವಿದ್ಯಾರ್ಥಿನಿಯೊಬ್ಬಳ ಲೋಲಕವು ಊಟದ ವೇಳೆ ಮುಗಿದರೂ ತೂಗುತ್ತಲೇ ಇದ್ದುದನ್ನು ನಾವು ನೋಡಿದ್ದೇವೆ. ಇದಲ್ಲದೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ‘ಸಂಖ್ಯೆಯಲ್ಲದ್ದು’ ಎಂಬ ಬೆಲೆಯು ತನಗೆ ತಾನೇ ಸಮವಲ್ಲವೆಂದು ಅದೇ ಮಾನದಂಡ ವಿಧಿಸುತ್ತದೆ. ಅಲ್ಲಿಗೆ ಮೊದಲನೆಯ ಲಕ್ಷಣವೇ ಹೋಯಿತು.

ಹಾಗಾದರೆ ‘ಹೆಚ್ಚುಕಡಿಮೆ ಸಮ’ ಎಂದು ಹೋಲಿಸಬಾರದೇ ಎಂದು ವಾಚಕರು ಕೇಳಬಹುದು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಅದನ್ನೇ. ಆದರೆ ಅರ್ಧ ಡಿಗ್ರಿಯೊಳಗಿನ ವ್ಯತ್ಯಾಸವನ್ನು ಗಣಿಸುವುದಿಲ್ಲವೆಂದು ನಿಶ್ಚಯಿಸಿದರೆ 20.0 ಮತ್ತು 20.4 ಸಮ, 20.4 ಮತ್ತು 20.8 ಸಮ, 20.0 ಮತ್ತು 20.8 ಮಾತ್ರ ಸಮವಲ್ಲ. ಉಪಯುಕ್ತವಾದ ಹೋಲಿಕೆ ಇದು, ಸಂದೇಹವಿಲ್ಲ. ಸಮತೆಯೆಂಬ ಹೆಸರು ಮಾತ್ರ ಇದಕ್ಕೆ ಸಲ್ಲದು.

ಕೊನೆಗೆ, ಹೋಲಿಸಲು ಸಾಧ್ಯವೇ ಇಲ್ಲದವೂ ಇವೆ. ಎರಡು ಪ್ರೋಗ್ರಾಂಗಳು ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಉತ್ತರವನ್ನು ಕೊಡುತ್ತವೆಯೇ ಎಂದು ತಪ್ಪದೆ ನಿರ್ಣಯಿಸುವ ಸಾಮಾನ್ಯ ವಿಧಾನ ಇರಲಾರದೆಂಬುದು 1936ರ ಟ್ಯೂರಿಂಗನ ಪ್ರಮೇಯದಿಂದ ಹೊರಡುತ್ತದೆ. ಇಲ್ಲಿ ‘ಅಲ್ಲ’ ಎಂದು ಉತ್ತರಿಸುವ ಭಾಷೆ ಸುಳ್ಳು ಹೇಳುತ್ತದೆ. ‘ಈ ಪ್ರಶ್ನೆಯನ್ನು ಕೇಳಬೇಡ’ ಎನ್ನುವ ಭಾಷೆಯೇ ಮೇಲು.

ಹ್ಯಾಸ್ಕೆಲ್ ಭಾಷೆ ಹಾಗೆಯೇ ಮಾಡುತ್ತದೆ. ಯಾವ ಜಾತಿಯ ವಸ್ತುಗಳಿಗೆ ಸಮತೆ ಉಂಟೆಂದು ಘೋಷಿಸಲಾಗಿದೆಯೋ ಅವನ್ನು ಮಾತ್ರ ಹೋಲಿಸಗೊಡುತ್ತದೆ. ಫಂಕ್ಷನ್‌ಗಳನ್ನು ಹೋಲಿಸಹೊರಟರೆ ಪ್ರೋಗ್ರಾಂ ಓಡುವುದಕ್ಕೆ ಮೊದಲೇ ತಡೆಯುತ್ತದೆ. ಸ್ಟ್ಯಾಂಡರ್ಡ್ ಎಂಎಲ್ ಭಾಷೆಯ 1997ರ ಪರಿಷ್ಕರಣದಲ್ಲಿ ದಶಮಾಂಶ ಸಂಖ್ಯೆಗಳನ್ನು ಸಮತೆಯುಳ್ಳ ಜಾತಿಗಳಿಂದ ಹೊರಗಿಡಲಾಯಿತು. ರಸ್ಟ್ ಭಾಷೆಯು ಇನ್ನೂ ಸೂಕ್ಷ್ಮವಾಗಿ, ಮೂರೂ ಲಕ್ಷಣಗಳುಳ್ಳ ಪೂರ್ಣಸಮತೆಯನ್ನೂ ಮೊದಲನೆಯ ಲಕ್ಷಣವನ್ನು ಬೇಡದ ಅಂಶಸಮತೆಯನ್ನೂ ಬೇರ್ಪಡಿಸಿದೆ. ದಶಮಾಂಶ ಸಂಖ್ಯೆಗಳಿಗೆ ಎರಡನೆಯದು ಮಾತ್ರ ಉಂಟು. ಈ ದಾರಿಯೇ ಸರಿಯೆಂದು ನಾವು ತಿಳಿಯುತ್ತೇವೆ.

ಇದು ಹೊಸಬರಿಗೆ ಹೊರೆಯಾಗುತ್ತದೆಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರ ಆಕ್ಷೇಪಣೆ. ಹೊರೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊರೆಯನ್ನು ಬರೆಯುವವನು ಹೊರದಿದ್ದರೆ ಆ ವಿದ್ಯಾರ್ಥಿಯಂತೆ ಬೇರೆ ಯಾರೋ ಹೊರಬೇಕಾಗುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಈಚೆಗೆ, ಪ್ರೋಗ್ರಾಂನ ಪ್ರತಿಯೊಂದು ಹೋಲಿಕೆಯ ಮೇಲೂ ಯಾವುದರಲ್ಲಿ ಸಮ ಎಂದು ಒಂದು ಸಾಲು ಬರೆಯುವ ಪದ್ಧತಿಯನ್ನಿಟ್ಟಿದ್ದೇವೆ. ಕಳೆದ ವಾರ ಇಬ್ಬರು ಹುಡುಗಿಯರು ಸರಳೊಂದರ ಮೇಲಿನ ಬಲಗಳನ್ನು ಹೋಲಿಸುತ್ತ ವಾದಕ್ಕೆ ನಿಂತರು. ಪರಿಮಾಣ, ದಿಕ್ಕುಗಳು ಒಂದೇ ಆದರೆ ಬಲಗಳು ಸಮವೆಂದು ಒಬ್ಬಳು. ಬೇರೆಬೇರೆ ಬಿಂದುಗಳಲ್ಲಿ ಹಾಕಿದರೆ ಸರಳು ಬೇರೆಬೇರೆಯಾಗಿ ತಿರುಗುತ್ತದೆಯಲ್ಲಾ ಎಂದು ಇನ್ನೊಬ್ಬಳು. ಅರ್ಧ ಗಂಟೆಯ ಮೇಲೆ ಅವರು ಎರಡು ಹೋಲಿಕೆಗಳನ್ನು ಬರೆದು, ಎರಡಕ್ಕೂ ಬೇರೆ ಹೆಸರಿಟ್ಟರು.