ಸಾಕ್ಷಿಯಿಲ್ಲದ ಶೌರ್ಯ

ರಾಷ್ಟ್ರಕೂಟರ ಮಾನ್ಯಖೇಟವೇ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಅವರ ಕಾಲದ ಕನ್ನಡ ನಾಡಿನಲ್ಲಿ ತುರುಗಳನ್ನು ಕಾಯಲು ಹೋರಾಡಿ ಮಡಿದವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ಊರ ಸೀಮೆಯಲ್ಲಿ ನಡೆದ ಕಾಳಗವನ್ನು ಊರವರೇ ಕಂಡಿರುತ್ತಿದ್ದರು. ಇಂದಿನ ಯುದ್ಧದಲ್ಲಿ ಹಾಗಲ್ಲ. 1950ರಲ್ಲಿ ಸ್ಥಾಪಿತವಾದ ಪರಮವೀರ, ಮಹಾವೀರ, ವೀರ ಚಕ್ರಗಳಿಗೆ ಶಿಫಾರಸು ಬೇಕು. ಶಿಫಾರಸಿಗೆ ಸಾಕ್ಷಿ ಬೇಕು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಗೆ ಅವರು ಮೀಸಲು ವೈಮಾನಿಕರಾಗಿದ್ದರು. ತೆರವಾದ ಸ್ಥಾನವೊಂದನ್ನು ತುಂಬಿ ಹೊರಟವರು ಮರಳಲಿಲ್ಲ. ಅವರ ಕೊನೆಯ ಕಾದಾಟವನ್ನು ನಮ್ಮವರಾರೂ ಕಂಡಿರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಸಮರದ ಬಗ್ಗೆ ಬರೆದ ಗ್ರಂಥ ಹೊರಬಂದಿತು. ಭಾರತದ ಮಿಸ್ಟೇರ್ ವಿಮಾನವೊಂದು ತನಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿತೆಂಬುದು ಅದರಿಂದ ತಿಳಿಯಿತು. ಆ ಮಿಸ್ಟೇರ್ ದೇವಯ್ಯನವರದು. 1988ರಲ್ಲಿ, 23 ವರ್ಷಗಳ ತರುವಾಯ, ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಎದುರಾಳಿಯ ಕಡೆಯಿಂದ ಸಾಕ್ಷ್ಯ ಬಾರದಿದ್ದರೆ? ಶೌರ್ಯ ಅಷ್ಟೇ ಇರುತ್ತಿತ್ತು, ಪದಕ ಮಾತ್ರ ಇರುತ್ತಿರಲಿಲ್ಲ. ಆದ್ದರಿಂದ ಶೌರ್ಯದ ಕಡತಗಳನ್ನು ಕಾಲಮಿತಿಯ ನೆಪದಿಂದ ಮುಚ್ಚಬಾರದು, ಹೊಸ ಸಾಕ್ಷ್ಯ ಬಂದಾಗ ತೆರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಓದುಗರೇ, ನಮಗೂ ಇಲ್ಲಿ ಕರ್ತವ್ಯವಿದೆ. ವಾಡಿ ಜಂಕ್ಷನ್ನಿನಲ್ಲಿ ಇಳಿದು ಚಿತ್ತಾಪುರಕ್ಕೋ ಚಿಂಚೋಳಿಗೋ ಸಾಗುವ ಯೋಧನನ್ನು ಎದೆಯ ಮೇಲಿನ ಪದಕಗಳನ್ನೆಣಿಸಿ ಅಳೆಯದಿರೋಣ. ಪದಕವು ಕಂಡ ಶೌರ್ಯಕ್ಕೆ ಸಲ್ಲುವ ಗೌರವ. ಕಾಣದ ಶೌರ್ಯವನ್ನು ನಂಬಿ ಗೌರವಿಸುವುದು ಸಮಾಜದ ಧರ್ಮ.