ಪ್ರೀತಿಗೂ ತಿಳಿವಳಿಕೆ ಬೇಕು

ಹಿತ್ತಿಲ ಕರಿಬೇವಿನ ಗಿಡದಲ್ಲಿ ಹಸಿರು ಹುಳುವೊಂದು ಐದು ವರ್ಷದ ಮಗುವಿನ ಕಣ್ಣಿಗೆ ಬೀಳುತ್ತದೆ. ಮಗು ಅದನ್ನು ಮೆಲ್ಲನೆ ಎತ್ತಿ ಡಬ್ಬಿಯೊಂದರಲ್ಲಿ ಇಡುತ್ತದೆ. ಹಸಿವಾದೀತೆಂದು ಚಿಟಿಕೆ ಸಕ್ಕರೆ, ಬಾಯಾರೀತೆಂದು ಒಂದು ಚಮಚ ಹಾಲು ಹಾಕಿ ಮುಚ್ಚಳ ಮುಚ್ಚುತ್ತದೆ. ಮೂರನೆಯ ದಿನ ನೋಡಿದರೆ ಹುಳು ಸತ್ತಿದೆ. ಮಗು ಬಿಕ್ಕಿ ಬಿಕ್ಕಿ ಅಳುತ್ತದೆ. “ಹೋಗಲಿ ಬಿಡು, ಹುಳು ತಾನೆ!” ಎನ್ನುವುದು ಹಿರಿಯರ ವಾಡಿಕೆ. ಹುಳುವಿನೊಡನೆ ಒಂದು ದೊಡ್ಡ ಪಾಠವೂ ಕಸದ ಬುಟ್ಟಿಗೆ ಸೇರುತ್ತದೆ.

ಆ ಮಗುವಿನಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಇತ್ತು. ತನಗೆ ರುಚಿಸಿದ್ದು ಎಲ್ಲರಿಗೂ ರುಚಿಸುವುದೆಂದು ಅದು ನಂಬಿತ್ತು. ನಿಂಬೆಚಿಟ್ಟೆಯ ಮರಿಯಾದ ಆ ಹುಳುವಿಗಾದರೋ ನಿಂಬೆ, ಕರಿಬೇವಿನಂತಹ ಗಿಡಗಳ ಎಲೆಯೇ ಊಟ. ಸಕ್ಕರೆಯ ರಾಶಿಯ ನಡುವೆಯೂ ಅದಕ್ಕೆ ಉಪವಾಸ. ದಿನವೂ ಹೊಸ ಎಲೆ, ಮುಚ್ಚಳದ ಬದಲು ಗಾಳಿಯಾಡುವ ತೆಳುಬಟ್ಟೆ, ಕೋಶವಾಗಲು ಆಸರೆಗೆ ಒಂದು ಕಡ್ಡಿ—ಇಷ್ಟನ್ನು ಒದಗಿಸಿದರೆ ಅದೇ ಡಬ್ಬಿಯಿಂದ ಕೆಲವು ವಾರಗಳಲ್ಲಿ ಚಿಟ್ಟೆ ಹೊರಬಂದೀತು. ರೆಕ್ಕೆ ಒಣಗಿದೊಡನೆ ಅದನ್ನು ಹಾರಬಿಡುವುದೂ ಪಾಠದ ಒಂದು ಭಾಗವೇ.

ಹಿತ್ತಿಲಿಲ್ಲದ ಮನೆಯಲ್ಲಿಯೂ ಹೆಸರುಕಾಳು ಇದ್ದೇ ಇರುತ್ತದೆ. ನಾಲ್ಕು ಲೋಟಗಳಲ್ಲಿ ಹತ್ತಿಯನ್ನು ಹಾಸಿ, ಮಗುವಿನ ಕೈಯಿಂದಲೇ ನಾಲ್ಕಾರು ಕಾಳು ಹಾಕಿಸಬೇಕು. ಮೊದಲನೆಯದರ ಹತ್ತಿ ಒಣಗಿರಲಿ, ಎರಡನೆಯದು ಒದ್ದೆಯಾಗಿರಲಿ, ಮೂರನೆಯದರ ತುಂಬ ನೀರಿರಲಿ, ನಾಲ್ಕನೆಯದು ಒದ್ದೆಯಾಗಿದ್ದು ಕತ್ತಲೆಯ ಬೀರುವಿನಲ್ಲಿರಲಿ. ಒಣ ಕಾಳು ಹಾಗೆಯೇ ಉಳಿಯುತ್ತದೆ. ಒದ್ದೆ ಹತ್ತಿಯ ಮೇಲಿನದು ಒಂದೆರಡು ದಿನಗಳಲ್ಲಿ ಮೊಳೆಯುತ್ತದೆ. ಮುಳುಗಿದ ಕಾಳು ಮೊಳಕೆಯ ತುದಿಯನ್ನು ತೋರಿಸಿದರೂ, ಸಾಕಷ್ಟು ಗಾಳಿಯಿಲ್ಲದೆ ಕೊಳೆಯತೊಡಗುತ್ತದೆ. ಬೀರುವಿನ ಸಸಿ ಎಲ್ಲಕ್ಕಿಂತ ಎತ್ತರ. ಆದರೆ ಬಡಕಲು, ಹಳದಿ. ಬೀಜದೊಳಗಿನ ಬುತ್ತಿ ಮುಗಿಯುವ ಮೊದಲೇ ಅದನ್ನು ಕಿಟಕಿಯ ಬಳಿಗೆ ತಂದರೆ ಕೆಲವು ದಿನಗಳಲ್ಲಿ ಹಸಿರೇರುತ್ತದೆ. ನೀರು, ಗಾಳಿ, ಬೆಳಕು ಎಂದು ಬಾಯಿಪಾಠ ಮಾಡಿದ ಮಾತಿಗಿಂತ ಈ ಹಳದಿ ಸಸಿ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಒಣಗಿದ ಕಾಳಿನಂತೆಯೇ ಮುಳುಗಿದ ಕಾಳೂ ಸಸಿಯಾಗಲಿಲ್ಲವೆಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದ ಮರಿಯಾ ಮಾಂಟೆಸೊರಿಯವರು, ಗಿಡಗಳ ಮತ್ತು ಪ್ರಾಣಿಗಳ ಆರೈಕೆಗೆ ಶಿಶುಶಿಕ್ಷಣದಲ್ಲಿ ಬಹು ಹಿಂದೆಯೇ ಸ್ಥಾನವಿತ್ತಿದ್ದರು. ತಾನು ಮರೆತರೆ ಇನ್ನೊಂದು ಜೀವ ಬಾಡುವುದೆಂಬ ಅರಿವಿನಿಂದಲೇ ಮಗುವಿನಲ್ಲಿ ಮುಂದಾಲೋಚನೆ ಮೊಳೆಯುತ್ತದೆಂಬುದು ಅವರ ಅಭಿಪ್ರಾಯ.

ಆದುದರಿಂದ ಮಗು ನೀರೆರೆಯಲು ಮರೆತ ದಿನ ತಾಯಿ ಗುಟ್ಟಾಗಿ ಎರೆದುಬಿಡುವುದು ಒಳಿತಲ್ಲ. ಜೋತುಬಿದ್ದ ಎಲೆಗಳನ್ನು ಮಗುವೇ ನೋಡಲಿ. ತಾನೇ ಎರೆದ ನೀರಿನಿಂದ ಅವು ಸಂಜೆಗೆ ತಲೆಯೆತ್ತುವುದನ್ನೂ ನೋಡಲಿ. ನಾಯಿ, ಬೆಕ್ಕುಗಳ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ಸಲ್ಲದು. ಪಾಠಕ್ಕಾಗಿ ಒಂದು ಪ್ರಾಣಿ ಹಸಿದಿರಬಾರದು. ಅವುಗಳ ಕೊನೆಯ ಹೊಣೆ ಯಾವಾಗಲೂ ಹಿರಿಯರದು.

ಕರಿಬೇವಿನ ಗಿಡಕ್ಕೆ ಮತ್ತೊಂದು ಹುಳು ಬಂದೇ ಬರುತ್ತದೆ. ಅಂದು ಮಗು ಡಬ್ಬಿ ತರುವ ಮೊದಲು “ಅಮ್ಮಾ, ಇದು ಏನು ತಿನ್ನುತ್ತೆ?” ಎಂದು ಕೇಳಿದರೆ, ಸತ್ತ ಹುಳುವಿಗಾಗಿ ಅದು ಸುರಿಸಿದ ಕಣ್ಣೀರು ವ್ಯರ್ಥವಾಗಲಿಲ್ಲವೆಂದು ತಿಳಿಯಬೇಕು.