ಎರಡು ತ್ರಿಕೋನದ ಗುಡ್ಡ ಮತ್ತು ನಮ್ಮೂರಿನ ಗುಡ್ಡ

ದಸರಾ ರಜೆಗೆ ಯಶವಂತನಗರಕ್ಕೆ ಹೋಗಿದ್ದೆ. ಮಂಡಿನೋವು ಜಾಸ್ತಿಯಾಗಿ ಅಪ್ಪ ಎರಡು ವರ್ಷದಿಂದ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ, ಊರಿಗೆ ಬರೋಕಾಗಲ್ಲ. ನಾಲ್ಕನೇ ಕ್ಲಾಸಿನ ಅಕ್ಕನ ಮಗಳು, "ಮಾಮ, ತಾತಂಗೆ ನಮ್ಮೂರಿನ ಸೀನರಿ ಮಾಡಿ ಕಳಿಸ್ತೀನಿ, ಹೇಳಿಕೊಡು" ಅಂದಳು.

ಹೇಳಿಕೊಡುವ ಮೊದಲೇ ಐದು ನಿಮಿಷದಲ್ಲಿ ಒಂದು ಬರೆದೂ ಬಿಟ್ಟಳು. ನಿಮಗೆಲ್ಲ ಗೊತ್ತಿರೋ ಅದೇ ಚಿತ್ರ! ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿಯೋ ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ನಾನೂ ಬರೆದಿದ್ದೆ, ನೀವೂ ಬರೆದಿರ್ತೀರಿ. ಮಂಗಳೂರಿನ ಮಗುವೂ ಇದನ್ನೇ ಬರೆಯುತ್ತೆ, ಬೀದರಿನ ಮಗುವೂ ಇದನ್ನೇ.

ನನ್ನ ತಕರಾರು ಇಲ್ಲೇ. ನಾವು ಮಕ್ಕಳಿಗೆ ಸೀನರಿ ಕಲಿಸ್ತೀವಿ, ನೋಡೋದನ್ನು ಕಲಿಸಲ್ಲ. ಸಂಡೂರು ಸಾಲಿನ ಗುಡ್ಡಗಳಿಗೆ ಆ ಚೂಪು ತುದಿಯೇ ಇಲ್ಲ. ನೆತ್ತಿ ಹೆಚ್ಚುಕಡಿಮೆ ಮಟ್ಟಸ, ಉದ್ದಕ್ಕೆ ಗೋಡೆ ಎಬ್ಬಿಸಿದ ಹಾಗೆ.

ಅಳಿಸು ಅನ್ನಲಿಲ್ಲ. ಮಾಳಿಗೆ ಮೇಲೆ ಕರಕೊಂಡು ಹೋಗಿ, "ತಾತ ದಿನಾ ಇಲ್ಲಿ ಕೂತು ನೋಡ್ತಿದ್ದದ್ದನ್ನ ಬರಿ" ಅಂದೆ. ರುಮಾಲೆ ಚನ್ನಬಸವಯ್ಯನವರಂಥವರೂ (1910-1988) ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ಕೂತು ಬರೆದವರು. ಮೊದಲ ದಿನ ಬರೀ ಪೆನ್ಸಿಲ್ಲು. ಆಮೇಲೆ ಬಣ್ಣ. ದೂರದ ಗುಡ್ಡ ತೆಳು, ಕೊಂಚ ನೀಲಿ, ಹತ್ತಿರದ್ದು ಗಾಢ. ವಾಟರ್ ಕಲರಿನಲ್ಲಿ ತೆಳುವಿನಿಂದ ಗಾಢಕ್ಕೆ ಹೋಗಬೇಕು, ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡಬೇಕು, ಹಚ್ಚಿದ್ದು ಒಣಗೋ ತನಕ ಕಾಯಬೇಕು. ಕಾಯೋದೇ ಅವಳಿಗೆ ಕಷ್ಟವಾಗಿದ್ದು :)

ಮೂರನೇ ದಿನ ನೋಡಿದರೆ, ಹಸಿರು ಗುಡ್ಡದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಂಪು.

"ಇದೇನೇ?"

"ಮೈನ್ಸು, ಮಾಮ."

"ತಾತಂಗೆ ಕೊಡೋದಲ್ವಾ, ಅದನ್ನ ಬಿಡು. ಪೂರ್ತಿ ಹಸಿರು ಹಚ್ಚು."

ಅವಳು ಗುಡ್ಡ ನೋಡಿದಳು, ನನ್ನ ಮುಖ ನೋಡಿದಳು. "ಅಲ್ಲಿ ಐತಲ್ಲ!"

ಸುಮ್ಮನಾದೆ. ತ್ರಿಕೋನ ಬೇಡ ಅಂದವನು ನಾನು, ಈಗ ಅದರ ಜಾಗದಲ್ಲಿ ನನ್ನದೇ ಒಂದು ಸುಳ್ಳು ಗುಡ್ಡ ಇಡೋಕೆ ಹೊರಟಿದ್ದೆ. 1934ರಲ್ಲಿ ಗಾಂಧೀಜಿ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರು ಅಂತ ನಮ್ಮ ಕಡೆ ಎಲ್ಲರೂ ಹೇಳ್ತೀವಿ. ಗುಡ್ಡ ಕರಗಿದ್ದನ್ನು ಮಾತ್ರ ಹೇಳಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟಿತು. ಈ ಮಗು ಹುಟ್ಟಿದ್ದು ಅದೆಲ್ಲ ಆದ ಮೇಲೆ. ಅವಳ ಪಾಲಿಗೆ ಗುಡ್ಡ ಅಂದರೆ ಹಸಿರೂ ಹೌದು, ಕೆಂಪೂ ಹೌದು. ಅಪ್ಪನಾದರೋ ಇದೇ ಅದಿರಿನ ಲಾರಿಗಳ ತೂಕ ಬರೆದು ನಮ್ಮನ್ನು ಓದಿಸಿದವರು. ಆ ಕೆಂಪನ್ನು ಅವರಿಂದ ಮುಚ್ಚಿಡೋಕೆ ನಾನ್ಯಾರು?

ಡಬ್ಬಿಯ ಕೆಂಪು ತೀರಾ ಕಣ್ಣಿಗೆ ಹೊಡೀತಿತ್ತು. ಅಂಗಳದ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಗೋಂದಿನ ನೀರಲ್ಲಿ ಕಲಸಿ ಹಚ್ಚಿದೆವು. ಮಣ್ಣಿಗೆ ಆ ಬಣ್ಣ ಕೊಡೋದು ಕಬ್ಬಿಣದ ಆಕ್ಸೈಡು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಹಳೆಯ ಕಾಲದವರು ಚಿತ್ರ ಬರೆದದ್ದೂ ಇಂಥದೇ ಕೆಂಪಿನಲ್ಲಿ.

ಬೆಂಗಳೂರಿಗೆ ತಂದುಕೊಟ್ಟಾಗ ಅಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಬೆರಳು ಮೊದಲು ಹೋಗಿದ್ದು ಆ ಕೆಂಪಿನ ಮೇಲೆ. "ನಾ ಬಂದಾಗ ಇಷ್ಟಿರಲಿಲ್ಲ" ಅಂದರು. ಆಮೇಲೆ, "ಸರಿಯಾಗಿ ಬರದಾಳ" ಅಂದರು.

ಮಕ್ಕಳು ಉಡುಗೊರೆಗೆ ಅಂತ ಚಿತ್ರ ಬರೆಯುವಾಗ ಕೈ ತಿದ್ದಿ, ಬ್ರಶ್ ಹಿಡಿಯೋದು ಹೇಳಿಕೊಡಿ. ಕಂಡದ್ದನ್ನು ಮಾತ್ರ ತಿದ್ದಬೇಡಿ ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?